ವಿಯೆನ್ನಾದ ವಾಶ್‌ಸಲೋನ್ ಮ್ಯೂಸಿಯಂ: ಬಟ್ಟೆ ಒಗೆಯೋ ಮನೆಯಲ್ಲಿ ಒಂದು ಊರಿನ ಬಜೆಟ್ ನೋಡ್ಕೊಂಡು ಬಂದ್ವಿ

ಅಮ್ಮ ಬೆಂಗಳೂರಿಂದ ಬಂದು ಎರಡು ವಾರ ಆಗಿತ್ತು, ಅಷ್ಟರಲ್ಲಿ ಷೋನ್‌ಬ್ರುನ್ ಅರಮನೆ, ಹೋಫ್‌ಬುರ್ಗ್, ದೊಡ್ಡ ಚರ್ಚು ಎಲ್ಲಾ ತೋರಿಸಿ ಆಗಿತ್ತು, ಮೂರನೇ ಅರಮನೆಗೆ ಹೊರಡೋಣ ಅಂದಾಗ "ಸಾಕು ಕಣೆ, ರಾಜರ ಮನೆ ನೋಡಿದ್ದಾಯ್ತು, ಇಲ್ಲಿ ಜನ ಎಲ್ಲಿ ಇರ್ತಾರೆ ಅದನ್ನ ತೋರ್ಸು" ಅಂದ್ಲು. ಅವಳು ಹಾಗೆ ಕೇಳಿದ್ದಕ್ಕೇ ನಾನು ಆರು ವರ್ಷದಿಂದ ಈ ಊರಲ್ಲಿದ್ರೂ ನೋಡದೇ ಇದ್ದ ಜಾಗಕ್ಕೆ ಹೋದ್ವಿ. ಷೋನ್‌ಬ್ರುನ್‌ಗೆ ಹೋಗೋ ಅದೇ ಯು4 ಮೆಟ್ರೋ, ಅದನ್ನ ಹಿಡ್ಕೊಂಡು ಆ ಕಡೆ ಕೊನೇ ಸ್ಟಾಪ್ ಹೈಲಿಗೆನ್‌ಸ್ಟಾಟ್ ತನಕ ಹೋದ್ರೆ ಸ್ಟೇಷನ್ ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್, ನಗರಸಭೆ ಜನಕ್ಕೆ ಬಾಡಿಗೆಗೆ ಅಂತ ಕಟ್ಟಿಸಿದ ದೊಡ್ಡ ವಸತಿ ಕಟ್ಟಡ. ಅದರ ಹಳೇ ಬಟ್ಟೆ ಒಗೆಯೋ ಮನೆಯಲ್ಲಿ ಒಂದು ಚಿಕ್ಕ ಮ್ಯೂಸಿಯಂ ಇದೆ, 'ಕೆಂಪು ವಿಯೆನ್ನಾ' ಅಂತ ಕರೆಯೋ ಕಾಲದ, ಅಂದ್ರೆ 1919ರಿಂದ 1934ರ ತನಕ ಸೋಶಿಯಲ್ ಡೆಮಾಕ್ರಟ್‌ಗಳು ಊರು ನಡೆಸಿದ ಕಾಲದ ಕಥೆ ಹೇಳತ್ತೆ. ಟೂರಿಸ್ಟ್ ಗೈಡ್‌ಗಳಲ್ಲಿ ಮೂಲೇಲಿ ಎರಡು ಸಾಲು ಇರತ್ತೆ ಅಷ್ಟೇ, ಆದ್ರೆ ಊರಲ್ಲಿ ಬಾಡಿಗೆ ಕಟ್ಟೋರು, ಮೇಂಟೆನೆನ್ಸ್ ಕಟ್ಟೋರು, ಪ್ರಾಪರ್ಟಿ ಟ್ಯಾಕ್ಸ್ ಕಟ್ಟೋರು ಎಲ್ರೂ ನೋಡ್ಬೇಕು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಹೊರಗಿನ ಕಟ್ಟಡ. ಒಂದು ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ ಇದೆ, ಸುಮಾರು 1,100 ಮೀಟರ್. 1927ರಲ್ಲಿ ಶುರು ಮಾಡಿ 1930ಕ್ಕೆ ಮುಗಿಸಿದ್ದು, ಆರ್ಕಿಟೆಕ್ಟ್ ಕಾರ್ಲ್ ಏನ್, 1,382 ಮನೆ. ಕೆಂಪು ಮತ್ತು ಹಳದಿ ಗೋಡೆ, ಮಧ್ಯೆ ಕೋಟೆ ಬಾಗಿಲ ಥರ ದೊಡ್ಡ ದೊಡ್ಡ ಕಮಾನು, ಕಮಾನುಗಳ ಮೇಲೆ ನಾಲ್ಕು ಸೆರಾಮಿಕ್ ಗೊಂಬೆ. ಅಷ್ಟು ದೊಡ್ಡ ಜಾಗದಲ್ಲಿ ಕಟ್ಟಡ ನಿಂತಿರೋದು ಐದನೇ ಒಂದು ಭಾಗಕ್ಕಿಂತ ಕಡಿಮೆ ನೆಲದಲ್ಲಿ, ಮಿಕ್ಕಿದ್ದೆಲ್ಲ ಹುಲ್ಲು, ಮರ, ಅಂಗಳ, ಮಕ್ಕಳ ಆಟದ ಜಾಗ. ನಮ್ಮಲ್ಲಿ ಸೈಟಲ್ಲಿ ಒಂದಿಂಚು ಬಿಡದೆ ಪಕ್ಕದ ಮನೆ ಕಿಟಕಿ ತನಕ ಕಟ್ಟೋದು ನೋಡಿ ಬೆಳ್ದವರಿಗೆ ಆ ಅಂಗಳದಲ್ಲಿ ನಿಂತ್ರೆ ಒಂಥರಾ ಆಗತ್ತೆ. ಅಮ್ಮ ಅಲ್ಲೇ ಬೆಂಚ್ ಮೇಲೆ ಕೂತು ಹತ್ತು ನಿಮಿಷ ಏನೂ ಮಾತಾಡ್ಲಿಲ್ಲ, ಆಮೇಲೆ "ಇದು ಗೌರ್ಮೆಂಟ್ ಕ್ವಾರ್ಟರ್ಸಾ" ಅಂದ್ಲು. ಹೌದು, ಆದ್ರೆ ಸರ್ಕಾರಿ ನೌಕರರಿಗಲ್ಲ, ಊರಿನ ಜನಕ್ಕೆ ಅಂದೆ.

ಗೋಡೆ ಮೇಲಿನ ಅಕ್ಷರಗಳ ವಿಷಯ ಇಲ್ಲೇ ಹೇಳ್ಬೇಕು. ಆ ಕಾಲದಲ್ಲಿ ವಿಯೆನ್ನಾ ನಗರಸಭೆ ಕಟ್ಟಿಸಿದ ಮನೆಗಳ ಗೋಡೆ ಮೇಲೆ ದಪ್ಪ ದಪ್ಪ ಕೆಂಪು ಅಕ್ಷರದಲ್ಲಿ ಇದನ್ನ ವಿಯೆನ್ನಾ ನಗರಸಭೆ ಇಂಥಾ ವರ್ಷ ಕಟ್ಟಿಸ್ತು ಅಂತ ಇರತ್ತೆ, ಎಷ್ಟೋ ಕಟ್ಟಡಗಳ ಮೇಲೆ ಇನ್ನೊಂದು ಸಾಲು, 'ವೋನ್‌ಬೌಸ್ಟೊಯರ್ ಹಣದಿಂದ' ಅಂತ. ವೋನ್‌ಬೌಸ್ಟೊಯರ್ ಅಂದ್ರೆ ಮನೆ ಕಟ್ಟೋ ತೆರಿಗೆ. ಅಂದ್ರೆ ದುಡ್ಡು ಯಾವ ಖಾತೆಯಿಂದ ಬಂತು ಅನ್ನೋದನ್ನ ಗೋಡೆ ಮೇಲೇ ಬರ್ದಿಟ್ಟಿದಾರೆ. ನಮ್ಮೂರಲ್ಲಿ ಬಸ್ ಸ್ಟಾಪ್ ಮೇಲೆ ಮಾನ್ಯ ಶಾಸಕರ ಅನುದಾನ ಅಂತ ಫೋಟೋ ಸಮೇತ ಇರತ್ತಲ್ಲ, ಇಲ್ಲಿ ಮನುಷ್ಯರ ಹೆಸರಿನ ಜಾಗದಲ್ಲಿ ತೆರಿಗೆ ಹೆಸರು. ನಾನು ಹದಿನೈದು ವರ್ಷದಿಂದ ಅಕೌಂಟ್ಸ್ ಕೆಲಸ ಮಾಡ್ತಿರೋಳು, ಇದನ್ನ ನೋಡಿ ನಿಜವಾಗ್ಲೂ ಕಣ್ಣು ತುಂಬಿ ಬಂತು.

ಮ್ಯೂಸಿಯಂ ಒಳಗೆ ಹಳೇ ಫೋಟೋ, ಪೋಸ್ಟರ್, ಕಾಗದ ಪತ್ರ, ಚಿತ್ರ ಹಾಕಿ ವಿವರಿಸಿರೋ ಬೋರ್ಡುಗಳು. ಜಾಗ ದೊಡ್ಡದಲ್ಲ, ಸುಮ್ನೆ ಸುತ್ತು ಹಾಕಿದ್ರೆ ಮುಕ್ಕಾಲು ಗಂಟೆ, ಓದ್ತಾ ಹೋದ್ರೆ ಎರಡೂವರೆ ಗಂಟೆ, ನಮಗೆ ಎರಡೂವರೆನೇ ಹಿಡೀತು. ಶುರುವಾಗೋದು ಹಳೇ ವಿಯೆನ್ನಾದ ಬಡವರ ಮನೆಗಳಿಂದ. ಕಾರ್ಮಿಕರ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವಕ್ಕೆ ಒಳಗೆ ನೀರಿಲ್ಲ, ಸ್ವಂತ ಟಾಯ್ಲೆಟ್ ಇಲ್ಲ. ಕಾರಿಡಾರಲ್ಲಿ ಎಲ್ಲ ಮನೆಗೂ ಸೇರಿ ಒಂದು ನಲ್ಲಿ, ಅದಕ್ಕೆ ಬಸೇನಾ ಅಂತಾರೆ, ಹೆಂಗಸರು ಅಲ್ಲಿ ನೀರಿಗೆ ಬಂದಾಗ ಮಾತು, ಚಾಡಿ, ಜಗಳ ಎಲ್ಲಾ ಅಲ್ಲೇ, ಇವತ್ತಿಗೂ ಇಲ್ಲಿ ಊರ ಹರಟೆಗೆ ಬಸೇನಾ ಹರಟೆ ಅನ್ನೋ ಮಾತಿದೆ. ಇದನ್ನ ಅಮ್ಮಂಗೆ ಕನ್ನಡದಲ್ಲಿ ಹೇಳ್ತಿದ್ದ ಹಾಗೆ ಅವಳ ಮುಖನೇ ಬದಲಾಯ್ತು. ಅವಳು ಮದುವೆಯಾಗಿ ಬಂದಿದ್ದು ಶ್ರೀರಾಮಪುರದ ವಠಾರಕ್ಕೆ, ಹನ್ನೊಂದು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು, ಬೆಳಿಗ್ಗೆ ನಾಲ್ಕು ಗಂಟೆಗೆ ಕೊಡ ಸಾಲಾಗಿ ಇಡೋದು. "ನಮ್ ನಲ್ಲಿ ಕಟ್ಟೆನೇ ಕಣೆ ಇದು" ಅಂತ ಆ ಫೋಟೋ ಮುಂದೆ ನಿಂತೇ ಬಿಟ್ಲು. ಪಕ್ಕದಲ್ಲೇ ಬೆಟ್‌ಗೇಯರ್ ಅನ್ನೋರ ಬಗ್ಗೆ ಇದೆ, ರೂಮ್ ಬಾಡಿಗೆ ಕೊಡೋಕೂ ಆಗ್ದೆ ಬರೀ ಹಾಸಿಗೆನ ಕೆಲವು ಗಂಟೆ ಬಾಡಿಗೆಗೆ ತಗೊಳೋರು, ಅವನು ರಾತ್ರಿ ಪಾಳಿಗೆ ಹೋದ್ರೆ ಇವನು ಮಲಗೋದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ, ಅವರಿಗೆ ಹಾಸಿಗೆನೇ ತಮ್ಮದಲ್ಲ. ಕ್ಷಯ ರೋಗ ಎಷ್ಟು ಹಬ್ಬಿತ್ತು ಅಂದ್ರೆ ಅದಕ್ಕೆ 'ವಿಯೆನ್ನಾ ಕಾಯಿಲೆ' ಅನ್ನೋ ಹೆಸರೇ ಬಿದ್ದಿತ್ತು.

ಮೊದಲ ಮಹಾಯುದ್ಧ ಸೋತು ಸಾಮ್ರಾಜ್ಯ ಒಡೆದು ಹೋದ ಮೇಲೆ 1919ರ ಮೇ ತಿಂಗಳ ನಗರ ಚುನಾವಣೆಯಲ್ಲಿ ಸೋಶಿಯಲ್ ಡೆಮಾಕ್ರಟಿಕ್ ವರ್ಕರ್ಸ್ ಪಾರ್ಟಿ ಪೂರ್ತಿ ಬಹುಮತ ಪಡೀತು, ಯಾಕೋಬ್ ರೊಯ್ಮನ್ ಮೇಯರ್, 1923ರಿಂದ ಕಾರ್ಲ್ ಸೈಟ್ಸ್. ಮೇಯರ್‌ಗಳಿಗಿಂತ ನನಗೆ ಮುಖ್ಯ ಅನ್ಸಿದ್ದು ಹಣಕಾಸು ನೋಡ್ಕೊಂಡ ಹ್ಯೂಗೋ ಬ್ರೈಟ್ನರ್. ಅವನು ಹಿಂದೆ ದೊಡ್ಡ ಬ್ಯಾಂಕೊಂದರ ಡೈರೆಕ್ಟರ್ ಆಗಿದ್ದವನು, ಲೆಕ್ಕ ಬಲ್ಲವನು. ಅವನ ಲೆಕ್ಕ ಏನು ಅಂದ್ರೆ ಐಷಾರಾಮಿ ಖರ್ಚು ಮಾಡೋರ ಮೇಲೆ ತೆರಿಗೆ ಹಾಕು, ಬಂದ ದುಡ್ಡು ಎಲ್ಲಿಗೆ ಹೋಯ್ತು ಅಂತ ಬಾಯಿಬಿಟ್ಟು ಹೇಳು. ಕಾರು, ಕುದುರೆ ರೇಸು, ಮನರಂಜನೆ, ದುಬಾರಿ ಹೋಟೆಲು ಊಟ, ಮನೆ ಕೆಲಸದೋರು ಎಲ್ಲದಕ್ಕೂ ತೆರಿಗೆ. ಮನೆ ಕೆಲಸದೋರಲ್ಲಿ ಮೊದಲನೆಯವರಿಗೆ ತೆರಿಗೆ ಇಲ್ಲ, ಎರಡನೇಯವರಿಂದ ಶುರು, ಸಂಖ್ಯೆ ಜಾಸ್ತಿ ಆದಷ್ಟೂ ತೆರಿಗೆ ಏರ್ತಾ ಹೋಗತ್ತೆ. ಅವನು ಒಂದ್ಸಲ ಹೇಳಿದ ಮಾತು ಇಲ್ಲಿ ತುಂಬಾ ಹೆಸರುವಾಸಿ, ಶಾಲಾ ಮಕ್ಕಳ ಹಲ್ಲಿನ ಕ್ಲಿನಿಕ್ ನಡೆಯೋದು ಡೆಮೆಲ್, ಗೆರ್ಸ್ಟ್‌ನರ್ ಥರದ ನಾಲ್ಕು ದೊಡ್ಡ ಮಿಠಾಯಿ ಅಂಗಡಿಗಳ ತೆರಿಗೆಯಿಂದ, ಶಾಲಾ ಡಾಕ್ಟರ್‌ಗಳ ಸಂಬಳ ಹೋಟೆಲ್ ಝಾಹರ್‌ನ ತೆರಿಗೆಯಿಂದ, ಮಕ್ಕಳ ಈಜುಕೊಳದ ಖರ್ಚು ಇಂಪೀರಿಯಲ್, ಬ್ರಿಸ್ಟಲ್ ಹೋಟೆಲುಗಳಿಂದ, ಹೆರಿಗೆ ಆಸ್ಪತ್ರೆ ನಡೆಸೋ ಖರ್ಚು ಕುದುರೆ ರೇಸಿನಿಂದ ಅಂತ. ಡೆಮೆಲ್‌ನಲ್ಲಿ ಹೋದ ವಾರ ತಾನೇ ಅಮ್ಮಂಗೆ ಕೇಕ್ ಕೊಡಿಸಿದ್ದೆ! ಈ ಮಾತು ಕೇಳಿ ಅಮ್ಮ "ಹಾಗಾದ್ರೆ ಬಿಲ್ ಅಷ್ಟಾಗಿದ್ದಕ್ಕೆ ಬೇಜಾರಿಲ್ಲ" ಅಂದ್ಲು, ಆ ತೆರಿಗೆ ನೂರು ವರ್ಷದ ಹಿಂದಿಂದು ಅಂತ ಹೇಳ್ಬೇಕಾಯ್ತು.

ಮನೆ ಕಟ್ಟೋ ತೆರಿಗೆ ಬಂದಿದ್ದು 1923ರಲ್ಲಿ. ಊರಲ್ಲಿರೋ ಬಾಡಿಗೆ ಜಾಗಗಳ ಮೇಲೆಲ್ಲ ಇತ್ತು, ಕಾರ್ಮಿಕರ ಸಣ್ಣ ಮನೆಗೂ ಇತ್ತು, ಆದ್ರೆ ಅಲ್ಲಿ ಚೂರು, ಬಂಗಲೆ ಅರಮನೆಗಳಿಗೆ ಬಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಏರಿಕೆ. ಅತಿ ದುಬಾರಿ ಶೇ 0.5ರಷ್ಟು ಆಸ್ತಿಗಳಿಂದಲೇ ಆ ತೆರಿಗೆಯ ಹತ್ತಿರ ಹತ್ತಿರ ಶೇ 45ರಷ್ಟು ಬರ್ತಿತ್ತು. ಇನ್ನು ಈಗ ಹೇಳೋದು ಸ್ವಲ್ಪ ಗಮನ ಇಟ್ಟು ಓದಿ, ಯಾಕಂದ್ರೆ ಇಡೀ ಮ್ಯೂಸಿಯಂನಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಇದೇ. ಅವರು ಮನೆಗಳನ್ನ ಸಾಲ ಮಾಡಿ ಕಟ್ಟಲಿಲ್ಲ, ಆಯಾ ವರ್ಷದ ತೆರಿಗೆ ದುಡ್ಡಲ್ಲೇ ಕಟ್ಟಿದ್ರು. ಸಾಲ ಇಲ್ಲ ಅಂದ್ಮೇಲೆ ಬಡ್ಡಿ ಇಲ್ಲ, ಬಡ್ಡಿ ಇಲ್ಲ ಅಂದ್ಮೇಲೆ ಬಾಡಿಗೆಯಲ್ಲಿ ಅಸಲು ವಾಪಸ್ ತೆಗಿಯೋ ಪ್ರಶ್ನೆ ಇಲ್ಲ, ಬಾಡಿಗೆ ಅಂದ್ರೆ ಬರೀ ನಡೆಸೋ ಖರ್ಚು ಮತ್ತೆ ರಿಪೇರಿ ಖರ್ಚು. ಅದಕ್ಕೇ ಒಬ್ಬ ಕಾರ್ಮಿಕನ ಸಂಬಳದಲ್ಲಿ ಬಾಡಿಗೆಗೆ ಹೋಗ್ತಿದ್ದಿದ್ದು ಸುಮಾರು ಶೇ 4 ಅಂತಾರೆ. ಇ.ಎಂ.ಐ ಕಟ್ಟಿ ಕಟ್ಟಿ ಅಸಲಿಗಿಂತ ಬಡ್ಡಿನೇ ಜಾಸ್ತಿ ಕಟ್ಟಿರೋ ನಮ್ಮಂಥವರು ಆ ಬೋರ್ಡ್ ಮುಂದೆ ನಿಂತು ಮೂರು ಸಲ ಓದ್ತೀವಿ. 1923ರಲ್ಲಿ ಐದು ವರ್ಷಕ್ಕೆ 25,000 ಮನೆ ಅಂತ ಗುರಿ ಇಟ್ಕೊಂಡ್ರು, ಅವಧಿಗೆ ಮುಂಚೆ ಮುಗೀತು, ಆಮೇಲೆ ಇನ್ನೂ 30,000 ಅಂದ್ರು, 1934ರ ಹೊತ್ತಿಗೆ ಎಲ್ಲಾ ಸೇರಿ 60,000 ದಾಟಿತ್ತು.

ಇಷ್ಟೆಲ್ಲ ತೆರಿಗೆ ಹಾಕೋಕೆ ಒಂದು ನಗರಸಭೆಗೆ ಅಧಿಕಾರ ಎಲ್ಲಿಂದ ಬಂತು ಅಂತ ನನ್ನ ಗಂಡ ಫೋನಲ್ಲಿ ಕೇಳಿದ್ರು, ಒಳ್ಳೇ ಪ್ರಶ್ನೆ. 1922ರ ಜನವರಿ 1ರಿಂದ ವಿಯೆನ್ನಾ ಸುತ್ತಲಿನ ಲೋವರ್ ಆಸ್ಟ್ರಿಯಾ ರಾಜ್ಯದಿಂದ ಬೇರೆಯಾಗಿ ತಾನೇ ಒಂದು ರಾಜ್ಯ ಆಯ್ತು, ನಗರಸಭೆನೇ ವಿಧಾನಸಭೆನೂ ಹೌದು, ಹಾಗಾಗಿ ಸ್ವಂತ ತೆರಿಗೆ ಹಾಕೋ ಹಕ್ಕು ಸಿಕ್ತು. ಬೆಂಗಳೂರಿಗೆ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಕೌನ್ಸಿಲ್ಲೇ ಇಲ್ಲದೆ ಬಜೆಟ್ ಆಗ್ತಾ ಬಂತಲ್ಲ, ಅದು ನೆನಪಾಗಿ ಹೊಟ್ಟೆ ಉರೀತು. ಜಮೀನಿನ ಕಥೆನೂ ಇದೆ, ಯುದ್ಧದ ಕಾಲದಲ್ಲಿ 1917ರಲ್ಲೇ ಬಾಡಿಗೆ ಏರಿಸದ ಹಾಗೆ ಕಾನೂನು ಬಂದಿತ್ತು, ಬಾಡಿಗೆ ಮನೆ ಕಟ್ಟಿ ಲಾಭ ಇಲ್ಲ ಅಂತಾದಾಗ ಜಮೀನಿನ ಬೆಲೆ ಬಿತ್ತು, ನಗರಸಭೆ ಆಗ ಕೊಂಡು ಕೊಂಡು ಇಟ್ಕೊಂಡ್ತು.

ಈಗ ಬಟ್ಟೆ ಒಗೆಯೋ ಮನೆಗೆ ಬರೋಣ, ಮ್ಯೂಸಿಯಂ ಇರೋದೇ ಅದರಲ್ಲಿ. ಈ ಕಟ್ಟಡದಲ್ಲಿ ಇಂಥವು ಎರಡಿದ್ವು, ಜೊತೆಗೆ ಎರಡು ಸ್ನಾನದ ಮನೆ, ಹಲ್ಲಿನ ಕ್ಲಿನಿಕ್, ತಾಯಂದಿರ ಸಲಹಾ ಕೇಂದ್ರ, ಲೈಬ್ರರಿ, ಔಷಧಿ ಅಂಗಡಿ, ಪೋಸ್ಟ್ ಆಫೀಸ್. ಮನೆಯೊಳಗೆ ನೀರು, ಟಾಯ್ಲೆಟ್ ಇತ್ತು, ಬಚ್ಚಲುಮನೆ ಇರಲಿಲ್ಲ, ಸ್ನಾನಕ್ಕೆ ಇಲ್ಲಿಗೇ ಬರ್ಬೇಕಿತ್ತು. ಬಟ್ಟೆಗೆ ಪ್ರತಿ ಮನೆಗೂ ಒಂದು ದಿನ ಗೊತ್ತು ಮಾಡಿರೋರು, ಮಷೀನಲ್ಲಿ ಒಗೆದು, ಗೋಡೆಯೊಳಗಿಂದ ಡ್ರಾಯರ್ ಥರ ಎಳೆಯೋ ಎತ್ತರದ ಸ್ಟ್ಯಾಂಡ್‌ಗಳ ಮೇಲೆ ಬಟ್ಟೆ ಹರವಿ ಒಳಗೆ ತಳ್ಳಿದ್ರೆ ಬಿಸಿಗಾಳಿಗೆ ಒಣಗೋದು. ಮೊದಲು ಮನೆಯಲ್ಲಿ ನೀರು ಕಾಯಿಸಿ, ನೆನೆಸಿ, ಉಜ್ಜಿ, ಹಿಂಡಿ ದಿನಗಟ್ಟಲೆ ಆಗೋ ಕೆಲಸ ಅರ್ಧ ದಿನದಲ್ಲಿ ಮುಗಿಯೋದು. ಒಗೆಯೋ ಹೆಂಗಸರ ನಡುವೆ ಗಂಡಸರು ಬರೋ ಹಾಗಿರಲಿಲ್ಲ. ಅದು ಹೆಂಗಸರಿಗೆ ಅನುಕೂಲನೂ ಹೌದು, ಬಟ್ಟೆ ಒಗೆಯೋದು ಹೆಂಗಸರ ಕೆಲಸನೇ ಅಂತ ಅವರೂ ಅಂದ್ಕೊಂಡಿದ್ರು ಅನ್ನೋದೂ ಅಷ್ಟೇ ನಿಜ. ಅಮ್ಮ ತನ್ನ ಬಲಗೈ ಹೆಬ್ಬೆರಳ ಬುಡ ತೋರಿಸಿ "ಇಲ್ಲಿ ನೋಡು, ಇದು ಒಗೆಯೋ ಕಲ್ಲಿಂದ ಆಗಿದ್ದು" ಅಂದ್ಲು, ನಲವತ್ತು ವರ್ಷದಲ್ಲಿ ನಾನು ಆ ಗಂಟನ್ನ ಒಂದ್ಸಲನೂ ಸರಿಯಾಗಿ ನೋಡಿರಲಿಲ್ಲ.

ಬಿಲ್ಡಿಂಗ್ ನಡೆಸೋ ವಿಷಯದಲ್ಲಿ ಇವರಿಂದ ಈಗ್ಲೂ ಕಲಿಯೋದಿದೆ. ಇವತ್ತು ವೀನರ್ ವೋನೆನ್ ಅನ್ನೋ ನಗರಸಭೆ ಸಂಸ್ಥೆ ಸುಮಾರು 2,20,000 ಮನೆ ನೋಡ್ಕೊಳತ್ತೆ, ಊರಿನ ನಾಲ್ಕರಲ್ಲಿ ಒಬ್ಬರು ಇಂಥ ಮನೆಗಳಲ್ಲಿದಾರೆ. ಬಾಡಿಗೆದಾರರೇ ಆರಿಸೋ ಮಂಡಳಿ ಇರತ್ತೆ, ಅದಕ್ಕೆ ಕೂತು ಲೆಕ್ಕ ಕೇಳೋ ಹಕ್ಕಿದೆ. ಇನ್ನೊಂದು, ಇಲ್ಲಿನ ಬಾಡಿಗೆ ಕಾನೂನಿನ ಪ್ರಕಾರ ಹಿಂದಿನ ವರ್ಷದ ನೀರು, ಕಸ, ಮೆಟ್ಟಿಲು ದೀಪ, ಇನ್ಶೂರೆನ್ಸ್ ಎಲ್ಲದರ ಲೆಕ್ಕ ಜೂನ್ 30ರೊಳಗೆ ಬಾಡಿಗೆದಾರರ ಮುಂದಿಡ್ಬೇಕು, ರಸೀದಿ ತೋರ್ಸಿ ಅಂದ್ರೆ ತೋರಿಸ್ಬೇಕು. ಬೆಂಗಳೂರಲ್ಲಿ ಅಮ್ಮ ಇರೋ ಅಪಾರ್ಟ್‌ಮೆಂಟ್‌ನಲ್ಲಿ ಮೇಂಟೆನೆನ್ಸ್ ಸ್ಕ್ವೇರ್ ಫೀಟ್‌ಗೆ 3 ರೂಪಾಯಿ ಇದ್ದಿದ್ದು ನಾಲ್ಕೂವರೆ ಆಯ್ತು, ಲಿಫ್ಟ್ ರಿಪೇರಿಗೆ ಅಂತ ಬೇರೆ ತಗೊಂಡ್ರು, ಲಿಫ್ಟ್ ಬಿಲ್ ತೋರ್ಸಿ ಅಂತ ನಾನು ಇಲ್ಲಿಂದ ಮೇಲ್ ಮೇಲೆ ಮೇಲ್ ಹಾಕಿದೀನಿ, ಎರಡು ವರ್ಷದಿಂದ "ಆಡಿಟ್ ನಡೀತಿದೆ ಮೇಡಂ" ಅನ್ನೋ ಒಂದೇ ಉತ್ತರ. ಅಮ್ಮ ಮೂರನೇ ಮಹಡಿಗೆ ತರಕಾರಿ ಚೀಲ ಹಿಡ್ಕೊಂಡು ಹತ್ತೋಳು, ಮಂಡಿ ನೋವು ಬೇರೆ. ಅದಕ್ಕೇ ನನಗೆ ಜೂನ್ 30 ಅನ್ನೋ ಆ ಒಂದು ತಾರೀಕು ಇಡೀ ಅರಮನೆಗಿಂತ ದೊಡ್ಡದಾಗಿ ಕಾಣ್ಸತ್ತೆ.

ಇದನ್ನೆಲ್ಲ ಓದಿ ಎಲ್ಲಾ ಚಿನ್ನ ಅಂದ್ಕೋಬೇಡಿ, ಆ ಕಡೆ ವಾದನೂ ತಿಳ್ಕೊಂಡು ಹೋದ್ರೆ ಮ್ಯೂಸಿಯಂ ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಶುರುವಿನ ಮನೆಗಳು ಹೆಚ್ಚಿನವು 38 ಇಲ್ಲಾ 48 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 410, 515 ಸ್ಕ್ವೇರ್ ಫೀಟ್, ಇಬ್ಬರು ಮೂವರು ಮಕ್ಕಳಿದ್ರೆ ಇಕ್ಕಟ್ಟೇ. ಖಾಸಗಿಯವರು ಮನೆ ಕಟ್ಟೋದೇ ನಿಲ್ಲಿಸಿದ್ರು, ಬಾಡಿಗೆ ಮೇಲೆ ಬದುಕ್ತಿದ್ದ ಸಣ್ಣ ಮನೆ ಮಾಲೀಕರ ಕೈಗೆ ಹಣದುಬ್ಬರ ಸೇರಿ ಏನೂ ಉಳೀಲಿಲ್ಲ, ಅವರೆಲ್ಲ ದೊಡ್ಡ ಸಾಹುಕಾರರೇ ಆಗಿರಲಿಲ್ಲ. ಇದು ತೆರಿಗೆ ಬೋಲ್ಶೆವಿಸಂ, ಅಂದ್ರೆ ತೆರಿಗೆ ಹೆಸರಲ್ಲಿ ರಷ್ಯಾದ ಕಮ್ಯುನಿಸಂ, ಅಂತ ವಿರೋಧಿಗಳು ಬೈತಿದ್ರು. ಇನ್ನೊಂದು ಕಡೆ ಊರ ಹೊರಗೆ ತಾವೇ ಸೇರ್ಕೊಂಡು ಸಣ್ಣ ಮನೆ, ಕೈತೋಟ ಮಾಡ್ಕೊಂಡು ಸಹಕಾರಿ ಥರ ಬದುಕ್ತಿದ್ದ ಜನರ ಚಳವಳಿಗೂ ಈ ದೊಡ್ಡ ಕಟ್ಟಡಗಳು ಬಂದ ಮೇಲೆ ಜಾಗ ಕಡಿಮೆ ಆಯ್ತು, ಅದು ನನಗೆ ನಷ್ಟ ಅಂತಲೇ ಅನ್ಸತ್ತೆ. ಆದ್ರೂ ಲೆಕ್ಕ ಮುಂದಿಟ್ಟು ವಾದ ಮಾಡೋದು ಬೇರೆ, ಮನುಷ್ಯನ ಹುಟ್ಟು ಹಿಡ್ಕೊಂಡು ಹಂಗಿಸೋದು ಬೇರೆ. ಬ್ರೈಟ್ನರ್ ಯಹೂದಿ ಮನೆತನದವನು, 1930ರಲ್ಲಿ ಹೈಮ್‌ವೇರ್ ಅನ್ನೋ ಬಲಪಂಥೀಯ ಪಡೆಯ ನಾಯಕ ಸ್ಟಾರೆಂಬೆರ್ಗ್ ತುಂಬಿದ ಸಭೆಯಲ್ಲಿ ಆ ಏಷ್ಯಾದವನ (ಬ್ರೈಟ್ನರ್ ಯಹೂದಿ ಅಂತ ಹಂಗಿಸೋ ಮಾತು) ತಲೆ ಮಣ್ಣಲ್ಲಿ ಉರುಳಿದ್ರೆ ಮಾತ್ರ ನಮಗೆ ಗೆಲುವು ಅಂತ ಅಂದ. ತೆರಿಗೆ ಹಾಕಿದ್ದಕ್ಕೆ ತಲೆ ಕೇಳಿದ್ರು.

ಆಮೇಲಿನ ಕಥೆ ಬೇಗ ಹೇಳ್ತೀನಿ. ಕೇಂದ್ರ ಸರ್ಕಾರ ವಿಯೆನ್ನಾದ ತೆರಿಗೆ ಪಾಲು ಕಡಿತ ಮಾಡ್ತು, 1932ರಲ್ಲಿ ಬ್ರೈಟ್ನರ್ ರಾಜೀನಾಮೆ ಕೊಟ್ಟ, 1934ರ ಫೆಬ್ರವರಿ 12ಕ್ಕೆ ಬಲಪಂಥೀಯ ಕೇಂದ್ರ ಸರ್ಕಾರಕ್ಕೂ ಸೋಶಿಯಲ್ ಡೆಮಾಕ್ರಟ್‌ಗಳಿಗೂ ಅಂತರ್ಯುದ್ಧ, ಸೈನ್ಯ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸ್ತು, ಒಳಗೆ ಸಂಸಾರಗಳಿದ್ದ ಮನೆಗಳ ಮೇಲೆ. ಪಕ್ಷ ನಿಷೇಧ, ಮೇಯರ್ ಸೈಟ್ಸ್ ಬಂಧನ. 1938ರಲ್ಲಿ ನಾಜಿಗಳು ಬಂದ ಮೇಲೆ ಯಹೂದಿ ಬಾಡಿಗೆದಾರರನ್ನ ನಗರಸಭೆ ಮನೆಗಳಿಂದ ಹೊರಗೆ ಹಾಕಿದ್ರು. ಜನಕ್ಕೆ ಅಂತ ಕಟ್ಟಿದ ಮನೆಯ ಆಫೀಸು, ಅದೇ ಪಟ್ಟಿ, ಅದೇ ರಿಜಿಸ್ಟರ್ ಇನ್ನೊಬ್ಬರ ಕೈಗೆ ಹೋದಾಗ ಏನಾಗತ್ತೆ ಅಂತ ಅಲ್ಲಿ ಗೊತ್ತಾಗತ್ತೆ, ಆ ಭಾಗನ ಮಾತ್ರ ಓಡಿಸ್ಕೊಂಡು ಹೋಗ್ಬೇಡಿ. ಬ್ರೈಟ್ನರ್ ದೇಶ ಬಿಟ್ಟು ಹೋಗಿ 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರ್ಕೊಂಡ. 1930ರಲ್ಲಿ ಈ ಕಟ್ಟಡ ಉದ್ಘಾಟನೆ ಮಾಡ್ತಾ ಸೈಟ್ಸ್ ನಾವು ಇಲ್ಲದಿರೋ ಕಾಲಕ್ಕೆ ಈ ಕಲ್ಲುಗಳು ನಮ್ಮ ಪರವಾಗಿ ಮಾತಾಡ್ತವೆ ಅಂದಿದ್ನಂತೆ.

ಈಗಿನ ಜಗಳ ಬೇರೆ ಇದೆ. ನಗರಸಭೆ ಮನೆ ಕೊಡೋವಾಗ ಆದಾಯದ ಮಿತಿ ನೋಡ್ತಾರೆ, ಆಮೇಲೆ ಸಂಬಳ ಜಾಸ್ತಿ ಆದ್ರೂ ಮನೆ ಬಿಡಿಸಲ್ಲ. ಇದು ಸರಿ ಇಲ್ಲ, ಆಗಾಗ ಆದಾಯ ಪರೀಕ್ಷೆ ಮಾಡಿ ಅಂತ ಬಲಪಂಥೀಯ ಪೀಪಲ್ಸ್ ಪಾರ್ಟಿ ಕೇಳತ್ತೆ, ಬಡವರನ್ನ ಮಾತ್ರ ಒಂದು ಕಡೆ ಗುಡ್ಡೆ ಹಾಕಿದ್ರೆ ಅದು ಕೇರಿ ಆಗತ್ತೆ, ಮೇಷ್ಟ್ರು, ಡ್ರೈವರ್ರು, ನರ್ಸು ಎಲ್ಲಾ ಒಂದೇ ಮೆಟ್ಟಿಲಲ್ಲಿ ಇರ್ಲಿ ಅಂತ ಸೋಶಿಯಲ್ ಡೆಮಾಕ್ರಟ್‌ಗಳು ಅಂತಾರೆ. ಕ್ಯೂನಲ್ಲಿ ಕಾಯ್ತಿರೋರನ್ನ ನೆನೆಸ್ಕೊಂಡ್ರೆ ಮೊದಲನೇ ಮಾತಲ್ಲೂ ನ್ಯಾಯ ಕಾಣತ್ತೆ, ಆದ್ರೆ ನನ್ನ ಮನಸ್ಸು ಎರಡನೇದರ ಕಡೆಗೇ ವಾಲತ್ತೆ, ಯಾಕಂದ್ರೆ ನಮ್ಮ ವಠಾರದಲ್ಲಿ ನನಗೆ ಲೆಕ್ಕ ಹೇಳ್ಕೊಟ್ಟಿದ್ದು ಪಕ್ಕದ ಮನೆ ಬ್ಯಾಂಕ್ ಗುಮಾಸ್ತರು, ಅವರ ಸಂಬಳ ಜಾಸ್ತಿ ಆಯ್ತು ಅಂತ ಅವರನ್ನ ಅಲ್ಲಿಂದ ಎಬ್ಬಿಸಿದ್ರೆ ನಾನು ಇವತ್ತು ಅಕೌಂಟ್ಸ್ ಮಾಡ್ತಾ ಇರ್ತಿರಲಿಲ್ಲ. ಇನ್ನೊಂದು ವಿಷಯ, 2004ರ ಸುಮಾರಿಗೆ ನಗರಸಭೆ ತಾನೇ ಮನೆ ಕಟ್ಟೋದು ನಿಲ್ಲಿಸಿಬಿಟ್ಟಿತ್ತು, 2015ರಲ್ಲಿ ಮತ್ತೆ ಕಟ್ತೀವಿ ಅಂದ್ರು, ಹೊಸ ಸಾಲಿನ ಮೊದಲನೇದು 2019ರಲ್ಲಿ ಜನರ ಕೈಗೆ ಬಂತು.

ಹೋಗೋರಿಗೆ: ವಾರಕ್ಕೆ ಎರಡೇ ದಿನ ತೆಗೆದಿರತ್ತೆ, ಗುರುವಾರ ಮಧ್ಯಾಹ್ನ ಒಂದರಿಂದ ಆರು, ಭಾನುವಾರ ಹನ್ನೆರಡರಿಂದ ನಾಲ್ಕು, ಹೊರಡೋ ಮುಂಚೆ ಒಂದ್ಸಲ ಸಮಯ ನೋಡ್ಕೊಳ್ಳಿ. ಗೈಡ್ ಜೊತೆ ಹೊರಗೆ ಸುತ್ತೋ ಟೂರ್ ಇದ್ರೆ ಅದನ್ನೇ ತಗೊಳ್ಳಿ, ಅಂಗಳಗಳು ನಡೆದ್ರೇನೇ ಗೊತ್ತಾಗೋದು. ಅದು ಜನ ವಾಸ ಮಾಡೋ ಜಾಗ, ಕಿಟಕಿಗೆ ಕ್ಯಾಮೆರಾ ಹಿಡೀಬೇಡಿ, ಒಣಗಿ ಹಾಕಿರೋ ಬಟ್ಟೆ ಫೋಟೋ ತೆಗೀಬೇಡಿ. ವಯಸ್ಸಾದವರ ಜೊತೆ ಹೋಗೋದಾದ್ರೆ ನೀರು ಇಟ್ಕೊಳ್ಳಿ, ಈ ತುದಿಯಿಂದ ಆ ತುದಿ ಹೋಗಿ ಬಂದ್ರೆ ಎರಡು ಕಿಲೋಮೀಟರ್ ದಾಟತ್ತೆ, ಅಂಗಳದಲ್ಲಿ ಕೂತ್ಕೊಂಡು ಕೂತ್ಕೊಂಡು ಹೋಗಿ. ಐದಕ್ಕೆ ಐದು ಸ್ಟಾರ್ ಕೊಡ್ತೀನಿ.

ವಾಪಸ್ ಬರೋವಾಗ ಅಮ್ಮ ದಾರಿಯುದ್ದಕ್ಕೂ ಕಿಟಕಿಯಿಂದ ಕೆಂಪು ಅಕ್ಷರ ಹುಡುಕ್ತಾ ಕೂತ್ಲು, ಕಂಡಾಗೆಲ್ಲ "ಅದ್ರಲ್ಲಿ ಏನ್ ಬರ್ದಿದಾರೆ ಓದು" ಅಂತ ತೋಳು ಹಿಡಿದು ಅಲ್ಲಾಡಿಸೋಳು. ಅವಳು ಊರಿಗೆ ಹೊರಡೋಕೆ ಇನ್ನೂ ಒಂಬತ್ತು ವಾರ ಇದೆ, ಮುಂದಿನ ಭಾನುವಾರ ಮಾರ್ಗರೇಟನ್‌ಗುರ್ಟೆಲ್‌ನಲ್ಲಿರೋ ರೊಯ್ಮನ್‌ಹೋಫ್‌ಗೆ ಹೋಗೋಣ ಅಂತ ಮಾತಾಡ್ಕೊಂಡಿದೀವಿ.